ಕರ್ಟ್ ಫ್ಲಡ್: ಟ್ರೇಡ್ ಬೇಡ ಅಂದ ಬೇಸ್‌ಬಾಲ್ ಆಟಗಾರ, ಆಮೇಲಿನ ಅವನ ಬದುಕು

ಸೆಂಟರ್‌ಫೀಲ್ಡ್

ಐಪಿಎಲ್ ಹರಾಜಿನ ಚರ್ಚೆಯಲ್ಲಿ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದ್ದರು. ಇಷ್ಟವಿಲ್ಲದ ಟೀಮಿಗೆ ಹೋಗಲ್ಲ ಅಂತ ಆಟಗಾರ ಹಠ ಹಿಡಿದರೆ ಏನಾಗುತ್ತೆ ಅಂತ. ಅಲ್ಲಿ ಉತ್ತರ ಬರೆದರೆ ತೀರಾ ಉದ್ದ ಆಗುತ್ತೆ, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ. ಬೇಸ್‌ಬಾಲ್ ನಿಯಮ ಗೊತ್ತಿಲ್ಲದವರೂ ಓದಬಹುದು. ಇದರಲ್ಲಿ ಆಟಕ್ಕಿಂತ ಕೋರ್ಟು ಕಚೇರಿಯೇ ಜಾಸ್ತಿ.

ಕರ್ಟ್ ಫ್ಲಡ್ ಅಮೆರಿಕದ ಕಪ್ಪು ಆಟಗಾರ. ಹುಟ್ಟಿದ್ದು 1938ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ. 1956ರಲ್ಲಿ ಸಿನ್ಸಿನಾಟಿ ಕ್ಲಬ್ಬು ಸೇರಿದ. 1958ರಿಂದ 1969ರವರೆಗೆ, ಅಂದರೆ 12 ಸೀಸನ್, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಟೀಮಿನ ಸೆಂಟರ್ ಫೀಲ್ಡರ್. ಮೈದಾನದ ಹಿಂಭಾಗದ ನಡುವೆ ನಿಂತು ಎಡಕ್ಕೂ ಬಲಕ್ಕೂ ಓಡಬೇಕಾದ ಜಾಗ ಅದು. ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ 1963ರಿಂದ 1969ರವರೆಗೆ ಸತತ ಏಳು ಸಲ ಇವನಿಗೇ. 1966ರ ಇಡೀ ಸೀಸನ್‌ನಲ್ಲಿ ಒಂದೂ ಎರರ್ (ಫೀಲ್ಡಿಂಗ್ ತಪ್ಪು) ಇಲ್ಲ. ಬ್ಯಾಟಿಂಗ್ ಸರಾಸರಿ .293, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಸುಮಾರು ಮೂರು ಸಲ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟೋದು), ಒಟ್ಟು 1861 ಹಿಟ್. 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) ಗೆದ್ದ ಟೀಮಿನಲ್ಲಿದ್ದ.

1968ರ ವರ್ಲ್ಡ್ ಸೀರೀಸ್‌ನಲ್ಲಿ ಮಾತ್ರ ಕೈ ಕೊಟ್ಟ. ಡೆಟ್ರಾಯಿಟ್ ಮೇಲೆ ಏಳನೇ ಪಂದ್ಯ, ಏಳನೇ ಇನಿಂಗ್ಸ್, ಸ್ಕೋರು ಇನ್ನೂ ಸೊನ್ನೆ ಸೊನ್ನೆ. ಜಿಮ್ ನಾರ್ಥ್‌ರಪ್ ಹೊಡೆದ ಚೆಂಡಿಗೆ ಫ್ಲಡ್ ಮೊದಲು ಮುಂದಕ್ಕೆ ಹೆಜ್ಜೆ ಇಟ್ಟ. ಹಿಂದಕ್ಕೆ ತಿರುಗುವಾಗ ಕಾಲು ಜಾರಿತು, ಚೆಂಡು ತಲೆ ಮೇಲಿಂದ ಹೋಯಿತು. ಸೀರೀಸ್ ಕೈತಪ್ಪಿತು.

ಮುಂದಿನ ವರ್ಷ, 1969ರ ಅಕ್ಟೋಬರ್‌ನಲ್ಲಿ, ಕ್ಲಬ್ಬು ಅವನನ್ನು ಫಿಲಡೆಲ್ಫಿಯಾ ಫಿಲ್ಲೀಸ್‌ಗೆ ಕೊಟ್ಟುಬಿಟ್ಟಿತು. ಈ ಕಡೆಯಿಂದ ನಾಲ್ಕು ಜನ, ಆ ಕಡೆಯಿಂದ ಡಿಕ್ ಅಲೆನ್ ಸೇರಿ ಮೂರು ಜನ. ಫ್ಲಡ್‌ಗೆ ವಿಷಯ ಗೊತ್ತಾದದ್ದು ಬೆಳಗಿನ ಜಾವ ಕಚೇರಿಯವರೊಬ್ಬರು ಮಾಡಿದ ಫೋನಿನಿಂದ. ಆಮೇಲೆ ಅಂಚೆಯಲ್ಲಿ ಒಂದು ಅಚ್ಚು ಹಾಕಿದ ಕಾರ್ಡು ಬಂತು, ನಿಮ್ಮನ್ನು ಇಂಥ ಕ್ಲಬ್ಬಿಗೆ ವರ್ಗ ಮಾಡಿದ್ದೇವೆ ಅಂತ. 12 ವರ್ಷದ ಲೆಕ್ಕ ಅಷ್ಟಕ್ಕೇ ಚುಕ್ತಾ.

ಆಗಿನ ಕರಾರಿನಲ್ಲಿ "ರಿಸರ್ವ್ ಕ್ಲಾಸ್" ಅಂತ ಒಂದು ಷರತ್ತು ಇತ್ತು. ಆಟಗಾರ ಹೊಸ ಕರಾರಿಗೆ ಸಹಿ ಹಾಕದಿದ್ದರೆ ಕ್ಲಬ್ಬು ಹಳೆಯದನ್ನೇ ಒಂದು ವರ್ಷ ಮುಂದುವರಿಸಬಹುದು. ಆ ವರ್ಷ ಮುಗಿದ ಮೇಲೆ ಇನ್ನೊಂದು ವರ್ಷ, ಹೀಗೆ ಸಾಯುವವರೆಗೂ ಅಂತ ಮಾಲೀಕರು ಅರ್ಥ ಮಾಡಿಕೊಂಡಿದ್ದರು. ಕ್ಲಬ್ಬು ಬೇಕಾದಾಗ ಮಾರಬಹುದು, ಬೇಡವಾದಾಗ ಬಿಡಬಹುದು. ಆಟಗಾರನಿಗೆ ಇದ್ದ ದಾರಿ ಒಂದೇ, ಆಟ ಬಿಡೋದು.

ಫ್ಲಡ್ ಡಿಸೆಂಬರ್ 24ಕ್ಕೆ ಬೇಸ್‌ಬಾಲ್ ಕಮಿಷನರ್ ಬೌವೀ ಕೂನ್‌ಗೆ ಪತ್ರ ಬರೆದ. ಮೇಜರ್ ಲೀಗ್‌ನಲ್ಲಿ 12 ವರ್ಷ ಆಡಿದ ಮೇಲೆ, ನನ್ನ ಇಷ್ಟ ಏನು ಅಂತ ಕೇಳದೆ ಕೊಂಡು ಮಾರುವ ಆಸ್ತಿ ನಾನು ಅಂತ ನನಗೆ ಅನಿಸಲ್ಲ, ಬೇರೆ ಕ್ಲಬ್ಬುಗಳ ಆಫರ್ ನೋಡುವ ಹಕ್ಕು ನನಗಿದೆ ಅಂತ. ಕೂನ್ ಉತ್ತರ ನಯವಾಗಿತ್ತು. ಮನುಷ್ಯನಾಗಿ ನೀವು ಆಸ್ತಿ ಅಲ್ಲ, ಒಪ್ಪುತ್ತೇನೆ, ಆದರೆ ಅದಕ್ಕೂ ಈ ವಿಷಯಕ್ಕೂ ಸಂಬಂಧ ಕಾಣಿಸುತ್ತಿಲ್ಲ ಅಂತ! 1970ರ ಜನವರಿಯಲ್ಲಿ ಫ್ಲಡ್ ಕೇಸ್ ಹಾಕಿದ.

ಮುಂದಿನದನ್ನು ಒಬ್ಬೊಬ್ಬರು ಕೇಳಿದ ಹಾಗೆ ಬರೆಯುತ್ತೇನೆ.

ಹಾಸನ_ಎಕ್ಸ್‌ಪ್ರೆಸ್

ಸರ್, ಕಥೆ ಚೆನ್ನಾಗಿದೆ. ಆದರೆ ಇವನ ಸಂಬಳ ಎಷ್ಟಿತ್ತು ಅಂತ ನೀವು ಬರೆಯಲೇ ಇಲ್ಲ. ನಾನು ಹುಡುಕಿದೆ, ವರ್ಷಕ್ಕೆ 90,000 ಡಾಲರ್. 1969ರಲ್ಲಿ! ಫಿಲಡೆಲ್ಫಿಯಾದವರು ಅದಕ್ಕಿಂತ ಜಾಸ್ತಿ ಕೊಡಲು ಸಿದ್ಧರಿದ್ದರಂತೆ. ಆಗಿನ ಕಾಲದಲ್ಲಿ ಸಾಮಾನ್ಯ ಮನುಷ್ಯನಿಗೆ ಕನಸಿನಲ್ಲೂ ಕಾಣದ ದುಡ್ಡು. ಸರ್ಕಾರಿ ಕೆಲಸದಲ್ಲಿ ಇರೋರಿಗೆ ಚಾಮರಾಜನಗರದಿಂದ ಬೀದರ್‌ಗೆ ವರ್ಗ ಆಗುತ್ತೆ, ಗಂಟುಮೂಟೆ ಕಟ್ಟಿಕೊಂಡು ಹೋಗಲ್ವಾ? ಇವನಿಗೇನು ಕೊಂಬಾ?

ಬಾಂಡ್‌ಪೇಪರ್

ಸರ್ಕಾರಿ ನೌಕರ ಬೇಸರವಾದರೆ ರಾಜೀನಾಮೆ ಕೊಟ್ಟು ಬೇರೆ ಕಡೆ ಅದೇ ಕೆಲಸ ಮಾಡಬಹುದು ಗುರು. ಇಲ್ಲಿ ಹಾಗಿಲ್ಲ, 24 ಕ್ಲಬ್ಬುಗಳೂ ಸೇರಿ ಮಾಡಿಕೊಂಡ ಒಪ್ಪಂದ. ಒಂದು ಬಿಟ್ಟರೆ ಮಿಕ್ಕ 23ರಲ್ಲೂ ಬಾಗಿಲು ಬಂದ್.

ನಾನು ಕೆಲಸಕ್ಕೆ ಸೇರಿದ ಮೊದಲ ಕಂಪನಿಯಲ್ಲಿ ಎರಡು ವರ್ಷದ ಬಾಂಡ್ ಬರೆಸಿಕೊಂಡು ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದರು. ಅದು ಎರಡು ವರ್ಷ ಮಾತ್ರ, ಆದರೂ ಉಸಿರು ಕಟ್ಟುತ್ತಿತ್ತು. ಜೀವಮಾನ ಪೂರ್ತಿ ಅಂದರೆ ಹೇಗಿರಬೇಡ.

ಸೆಂಟರ್‌ಫೀಲ್ಡ್

@ಹಾಸನ_ಎಕ್ಸ್‌ಪ್ರೆಸ್ ಈ ಪ್ರಶ್ನೆಯನ್ನು ಆಗಲೇ ಟಿವಿಯಲ್ಲಿ ಕ್ರೀಡಾ ವರದಿಗಾರ ಹೋವರ್ಡ್ ಕೋಸೆಲ್ ಕೇಳಿದ್ದರು. ವರ್ಷಕ್ಕೆ 90,000 ತಗೊಳ್ಳೋನು ಗುಲಾಮ ಹೇಗಾಗ್ತಾನೆ ಅಂತ. ಎಷ್ಟು ಒಳ್ಳೆ ಸಂಬಳ ಕೊಟ್ಟರೂ ಗುಲಾಮ ಗುಲಾಮನೇ ಅಂದ ಫ್ಲಡ್. ಆ ಮಾತಿಗೆ ಅಮೆರಿಕದ ಪತ್ರಿಕೆಗಳು ಮೈಮೇಲೆ ಬಿದ್ದವು. ನಿಮಗೆ ಬಂದ ಸಿಟ್ಟೇ ಆಗ ಬಹಳ ಜನರಿಗೆ ಬಂದಿತ್ತು.

ಅವನು ಆ ಮಾತನ್ನು ಸುಮ್ನೆ ಆಡಿದ್ದಲ್ಲ ಅನ್ನೋದಕ್ಕೆ ಹಳೆಯದೊಂದು ಘಟನೆ ಹೇಳುತ್ತೇನೆ, ಅವನೇ ಹೇಳಿಕೊಂಡದ್ದು. 18-19ರ ವಯಸ್ಸಿನಲ್ಲಿ ಅವನನ್ನು ದಕ್ಷಿಣದ ರಾಜ್ಯಗಳ ಮೈನರ್ ಲೀಗ್‌ಗೆ, ಅಂದರೆ ಕೆಳಗಿನ ದರ್ಜೆಯ ಲೀಗ್‌ಗೆ, ಕಳಿಸಿದ್ದರು. ಒಂದೇ ದಿನ ಎರಡು ಪಂದ್ಯ. ಮೊದಲನೆಯದು ಮುಗಿದ ಮೇಲೆ ಎಲ್ಲರೂ ಬೆವರಿನ ಬಟ್ಟೆ ಬಿಚ್ಚಿ ಒಂದು ರಾಶಿಗೆ ಎಸೆದರು, ಇವನೂ ಎಸೆದ. ಬಟ್ಟೆ ನೋಡಿಕೊಳ್ಳುವವನು ತುದಿಯಲ್ಲಿ ಮೊಳೆ ಇದ್ದ ಉದ್ದನೆ ಕೋಲು ತಂದು, ಇವನ ಬಟ್ಟೆಯನ್ನಷ್ಟೇ ಚುಚ್ಚಿ ರಾಶಿಯಿಂದ ಬೇರೆ ಮಾಡಿದ. ಬಿಳಿಯರ ಬಟ್ಟೆ ಒಂದು ಕಡೆ ಒಗೆಯೋಕೆ ಹೋಯಿತು, ಇವನದು ಕಪ್ಪು ಜನರ ಲಾಂಡ್ರಿಗೆ. ಅದು ವಾಪಸ್ ಬರುವ ತನಕ ಇವನು ಮೈಮೇಲೆ ಬಟ್ಟೆ ಇಲ್ಲದೆ ಒಬ್ಬನೇ ಕೂತಿದ್ದ. ಉಳಿದವರು ಮೈದಾನಕ್ಕೆ ಇಳಿದಿದ್ದರು.

ದೊಡ್ಡ ಆಟಗಾರ ಆದ ಮೇಲಾದರೂ ಸರಿಹೋಯಿತಾ ಅಂದರೆ ಅದೂ ಇಲ್ಲ. 1964ರ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ಗೆದ್ದು ಬಂದವನು ಓಕ್ಲೆಂಡ್ ಹತ್ತಿರದ ಅಲಮೋ ಅನ್ನೋ ಊರಿನಲ್ಲಿ ಮನೆ ಬಾಡಿಗೆಗೆ ಹಿಡಿದ. ಬಾಡಿಗೆಗೆ ಬರೋರು ಕಪ್ಪು ಜನ ಅಂತ ಗೊತ್ತಾದಾಗ ಮಾಲೀಕ ಬಂದೂಕಿನ ಬೆದರಿಕೆ ಹಾಕಿದ. ಕೊನೆಗೆ ಕೋರ್ಟಿನ ಆದೇಶ ತಂದು ಮನೆ ಸೇರಬೇಕಾಯಿತು.

ಅಂಥವನಿಗೆ, 31ನೇ ವಯಸ್ಸಿನಲ್ಲಿ ಒಂದು ಕಾರ್ಡು ಕಳಿಸಿ ನಾಳೆಯಿಂದ ನೀನು ಅವರ ಸ್ವತ್ತು ಅಂದರೆ ಸಿಟ್ಟು ಬರಲ್ವಾ? ದುಡ್ಡಿನ ಮೊತ್ತ ನೋಡಿ ಸಿಟ್ಟು ಅಳೆಯೋಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ.

ತುಂಗಾತೀರ

ಆ ಕೋಲಿನ ವಿಷಯ ಓದಿ ಸ್ವಲ್ಪ ಹೊತ್ತು ಮುಂದೆ ಓದೋಕಾಗಲಿಲ್ಲ. ಮೊಳೆ ಹೊಡೆದ ಕೋಲು ಇಟ್ಟುಕೊಂಡಿದ್ದ ಅಂದರೆ ಅದು ಅವನಿಗೆ ದಿನದ ಕೆಲಸ ಅಂತಾಯಿತು. ನಮ್ಮಲ್ಲಿ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟದ್ದು ಕಂಡವರಿಗೆ ಇದು ದೂರದ ಕಥೆ ಅನಿಸಲ್ಲ.

ಒಂದು ಕೇಳ್ತೀನಿ. ಕೇಸ್ ಹಾಕುವಾಗ ಅವನ ಜೊತೆ ಯಾರಿದ್ದರು? ಟೀಮಿನವರು ಬಂದ್ರಾ?

ಸೆಂಟರ್‌ಫೀಲ್ಡ್

ಮೇಡಂ, ಇದೇ ನನಗೆ ಈ ಕಥೆಯಲ್ಲಿ ತುಂಬಾ ಕಾಡುವ ಭಾಗ.

ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್. ಮೊದಲು ಉಕ್ಕು ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದ್ದವರು, ಪಳಗಿದ ಕೈ. ಫ್ಲಡ್ ಸಲಹೆ ಕೇಳೋಕೆ ಹೋದಾಗ ಅವರು ಹುರಿದುಂಬಿಸಲಿಲ್ಲ. ನೀನು ಸೋಲೋದೇ ಜಾಸ್ತಿ ಸಾಧ್ಯ, ಗೆದ್ದರೂ ನಿನಗೆ ಒಂದು ಪೈಸೆ ಸಿಗಲ್ಲ, ಆಟ ಮುಗಿಯುತ್ತೆ, ಮುಂದೆ ಕೋಚ್ ಕೆಲಸವೂ ಯಾರೂ ಕೊಡಲ್ಲ ಅಂದರು. ಉಳಿದ ಆಟಗಾರರಿಗೆ, ಮುಂದೆ ಬರೋರಿಗೆ ಉಪಯೋಗ ಆಗುತ್ತಾ ಅಂತ ಫ್ಲಡ್ ಕೇಳಿದ. ಆಗುತ್ತೆ ಅಂದರು ಮಿಲ್ಲರ್. ಹಾಗಾದರೆ ಸಾಕು ಅಂದ.

1969ರ ಡಿಸೆಂಬರ್‌ನಲ್ಲಿ ಪೋರ್ಟೊರಿಕೋದ ಸಾನ್ ಹುವಾನ್‌ನಲ್ಲಿ ಸಂಘದ ಸಭೆ. ಕ್ಲಬ್ಬುಗಳ ಪ್ರತಿನಿಧಿಗಳು ಒಬ್ಬರೂ ವಿರೋಧಿಸದೆ ಇವನ ಪರ ವೋಟು ಹಾಕಿದರು. ವಕೀಲರ ಖರ್ಚು ಸಂಘದ್ದು. ವಕೀಲರು ಯಾರು ಅಂದರೆ ಆರ್ಥರ್ ಗೋಲ್ಡ್‌ಬರ್ಗ್, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ.

1970ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ಶುರುವಾಯಿತು. ಸಾಕ್ಷಿ ಹೇಳೋಕೆ ಜಾಕಿ ರಾಬಿನ್ಸನ್ ಬಂದರು. ಕಪ್ಪು ಜನರನ್ನು ಹೊರಗಿಟ್ಟಿದ್ದ ಮೇಜರ್ ಲೀಗ್‌ನ ಬಣ್ಣದ ಗೋಡೆಯನ್ನು 1947ರಲ್ಲಿ ಒಡೆದವರು ಅವರೇ. ಸಕ್ಕರೆ ಕಾಯಿಲೆಯಿಂದ ಆಗಲೇ ಬಹಳ ಸೋತಿದ್ದರು. ಮಾಜಿ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಹಿಂದೆ ಕ್ಲಬ್ ಮಾಲೀಕರಾಗಿದ್ದ ಬಿಲ್ ವೆಕ್ ಕೂಡ ಬಂದರು. ಇವರೆಲ್ಲ ಹಳಬರು. ಆಗ ಆಡುತ್ತಿದ್ದ ಒಬ್ಬನೇ ಒಬ್ಬ ಆಟಗಾರ ಕೋರ್ಟಿನ ಬೆಂಚಿನ ಮೇಲೆ ಸುಮ್ನೆ ಬಂದು ಕೂರಲೂ ಇಲ್ಲ. ಸಾಕ್ಷಿ ಬೇಡ, ಮುಖ ತೋರಿಸಬಹುದಿತ್ತು.

ಹಾಸನ_ಎಕ್ಸ್‌ಪ್ರೆಸ್

ಬಂದರೆ ಅವರ ಕೆಲಸ ಹೋಗುತ್ತಿತ್ತು ಸರ್. ಮನೆ ಮಕ್ಕಳು ಇರೋರನ್ನು ಅಷ್ಟು ಸುಲಭವಾಗಿ ಬೈಯೋಕಾಗಲ್ಲ.

ಸೆಂಟರ್‌ಫೀಲ್ಡ್

ಒಪ್ಪುತ್ತೇನೆ. ಆದರೆ ಆವತ್ತು ಹೆದರಿದವರಲ್ಲಿ ಬಹಳ ಜನ ಐದಾರು ವರ್ಷ ಬಿಟ್ಟು ಅದೇ ಕೇಸಿನ ಫಲ ಉಂಡರು. ಬೈಯಲ್ಲ, ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ.

ಕಪ್ಪುಕೋಟು

ಕಾನೂನಿನ ಭಾಗ ನಾನು ಬರೆಯುತ್ತೇನೆ, ಇದು ನನ್ನ ಹೊಟ್ಟೆಪಾಡು.

1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ವಿಚಿತ್ರ ತೀರ್ಪು ಕೊಟ್ಟಿತ್ತು. ಬರೆದವರು ಆಲಿವರ್ ವೆಂಡೆಲ್ ಹೋಮ್ಸ್, ಸಾಮಾನ್ಯರಲ್ಲ. ಬೇಸ್‌ಬಾಲ್ ಪಂದ್ಯ ಅನ್ನೋದು ಆಯಾ ಊರಿನಲ್ಲಿ ನಡೆಯುವ ಪ್ರದರ್ಶನ, ಆಟಗಾರರು ರಾಜ್ಯ ದಾಟಿ ಪ್ರಯಾಣ ಮಾಡೋದು ಬರೀ ಆನುಷಂಗಿಕ, ಆದ್ದರಿಂದ ಇದು ಅಂತರರಾಜ್ಯ ವ್ಯಾಪಾರ ಅಲ್ಲ, ಏಕಸ್ವಾಮ್ಯ ತಡೆಯುವ ಕಾಯ್ದೆ ಇದಕ್ಕೆ ತಗಲುವುದಿಲ್ಲ ಅಂತ. 1953ರಲ್ಲಿ ಮತ್ತೆ ಕೇಸ್ ಬಂತು. ಬದಲಾಯಿಸಬೇಕಾದರೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಬದಲಾಯಿಸಲಿ ಅಂತ ಕೋರ್ಟು ಕೈ ತೊಳೆದುಕೊಂಡಿತು. ತಮಾಷೆ ಏನು ಅಂದರೆ ಅದೇ ಕೋರ್ಟು ಬಾಕ್ಸಿಂಗ್‌ಗೂ ಫುಟ್‌ಬಾಲ್‌ಗೂ ಈ ರಿಯಾಯಿತಿ ಕೊಡಲಿಲ್ಲ. ಬೇಸ್‌ಬಾಲ್ ಮಾತ್ರ ಮನೆ ಅಳಿಯ.

ಫ್ಲಡ್ ಕೇಸು ಸುಪ್ರೀಂ ಕೋರ್ಟಿಗೆ ಬಂದದ್ದು 1972ರ ಮಾರ್ಚ್‌ನಲ್ಲಿ. ಗೋಲ್ಡ್‌ಬರ್ಗ್ ತಾವೇ ಒಂದು ಕಾಲಕ್ಕೆ ಕೂತಿದ್ದ ಪೀಠದ ಮುಂದೆ ತಡವರಿಸಿದರು, ವಾದ ದಾರಿ ತಪ್ಪಿತು. ನ್ಯಾಯಮೂರ್ತಿ ಪೊವೆಲ್ ವಿಚಾರಣೆಯಿಂದ ದೂರ ಉಳಿದರು, ಅವರ ಬಳಿ ಆನ್‌ಹೈಸರ್ ಬುಶ್ ಬಿಯರ್ ಕಂಪನಿಯ ಷೇರುಗಳಿದ್ದವು. ಕಾರ್ಡಿನಲ್ಸ್ ಕ್ಲಬ್ಬು ಆ ಕಂಪನಿಯದ್ದೇ. ಜೂನ್ 19ಕ್ಕೆ ತೀರ್ಪು, 5-3. ಫ್ಲಡ್ ಸೋತ.

ಬಹುಮತದ ತೀರ್ಪು ಬರೆದವರು ಹ್ಯಾರಿ ಬ್ಲ್ಯಾಕ್‌ಮನ್. ಮೊದಲ ಭಾಗ ಪೂರ್ತಿ ಬೇಸ್‌ಬಾಲ್ ಹೊಗಳಿಕೆ, ಹಳೆ ಆಟಗಾರರ ಹೆಸರಿನ ಉದ್ದ ಪಟ್ಟಿ ಬೇರೆ. ಅವರ ಪರ ಇದ್ದ ಇಬ್ಬರು ನ್ಯಾಯಮೂರ್ತಿಗಳೇ ಆ ಭಾಗಕ್ಕೆ ಸೇರಲು ಒಪ್ಪಲಿಲ್ಲ. ಆಮೇಲೆ ಬರೆಯುತ್ತಾರೆ: ಬೇಸ್‌ಬಾಲ್ ಕೂಡ ವ್ಯಾಪಾರವೇ, ಅಂತರರಾಜ್ಯ ವ್ಯಾಪಾರವೇ, ಈ ವಿನಾಯಿತಿ ಅಸಂಗತ. ಆದರೂ 50 ವರ್ಷದಿಂದ ನಡೆದುಕೊಂಡು ಬಂದಿದೆ, ಕಾಂಗ್ರೆಸ್ ನೋಡಿಕೊಳ್ಳಲಿ. ತಪ್ಪು ಅಂತ ಒಪ್ಪಿಕೊಂಡೂ ಮುಂದುವರಿಸಿದ ತೀರ್ಪು. ವಿರೋಧ ಬರೆದ ಡಗ್ಲಸ್ ಅವರು 1953ರಲ್ಲಿ ಆ ಕಡೆ ವೋಟು ಹಾಕಿದ್ದವರು, ಈಗ ಅದಕ್ಕೆ ವಿಷಾದ ಅಂತ ಅಡಿಟಿಪ್ಪಣಿಯಲ್ಲಿ ಹೇಳಿದರು.

ನಮ್ಮಲ್ಲಿ ಇದೇ ಕೇಸು ಬಂದಿದ್ದರೆ? 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ, ಕಸುಬಿಗೆ ಅಡ್ಡಿ ಮಾಡುವ ಕರಾರು ಶೂನ್ಯ. ಜಹೀರ್ ಖಾನ್ ಮೇಲೆ ಪರ್ಸೆಪ್ಟ್ ಡಿಮಾರ್ಕ್ ಕಂಪನಿ ಹಾಕಿದ್ದ ಕೇಸಿನಲ್ಲಿ 2006ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನೇ ಹಿಡಿಯಿತು. ಕರಾರಿನ ಅವಧಿ ಮುಗಿದ ಮೇಲೂ ಆಟಗಾರನ ಕೈ ಕಟ್ಟಿಹಾಕೋಕಾಗಲ್ಲ ಅಂತ. ಅದು ಜಾಹೀರಾತು ಏಜೆನ್ಸಿಯ ಕರಾರು, ಆಟದ ಕರಾರು ಅಲ್ಲ. ಆದರೂ ದಾರಿ ಅದೇ.

ರೇಡಿಯೋ_ಮಾವ

ಕಪ್ಪುಕೋಟು ಅವರೇ, ಕಾಗದದ ಮೇಲೆ 27ನೇ ಕಲಂ ಇದೆ. ಮೈದಾನದಲ್ಲಿ ಏನಾಯಿತು ಅಂತ ನಾನು ಹೇಳುತ್ತೇನೆ. 2010ರ ಐಪಿಎಲ್ ಸೀಸನ್ ಪೂರ್ತಿ ರವೀಂದ್ರ ಜಡೇಜಾ ಆಡಲಿಲ್ಲ. ಯಾಕೆ? ರಾಜಸ್ಥಾನದ ಕರಾರು ನವೀಕರಿಸದೆ ಬೇರೆ ಟೀಮಿನ ಜೊತೆ ಮಾತಾಡಿದ ಅಂತ ಒಂದು ವರ್ಷ ನಿಷೇಧ. ಅದಕ್ಕೂ ಮೊದಲು 2007ರಲ್ಲಿ ಐಸಿಎಲ್ ಅನ್ನೋ ಬೇರೆ ಲೀಗ್ ಸೇರಿದ ಹುಡುಗರನ್ನು ಬಿಸಿಸಿಐ ಹೊರಗಿಟ್ಟಿತು. 2009ರಲ್ಲಿ ಕ್ಷಮೆ ಕೊಟ್ಟು ಕರೆದುಕೊಂಡಿತು. ಕ್ಷಮೆ ಅಂತೆ! ಬೇರೆ ಕಡೆ ಆಡಿದ್ದು ಅಪರಾಧವಾ?

ಇಂಗ್ಲೆಂಡಿನಲ್ಲಿ ಕ್ರಿಕೆಟಿಗ ಟೋನಿ ಗ್ರೆಗ್ ಮತ್ತು ಜೊತೆಯವರು ಆಸ್ಟ್ರೇಲಿಯಾದ ಟಿವಿ ಸಾಹುಕಾರ ಕೆರಿ ಪ್ಯಾಕರ್ ಶುರು ಮಾಡಿದ ಬೇರೆ ಟೂರ್ನಿಗೆ ಹೋದಾಗ ಕೋರ್ಟಿಗೆ ಹೋಗಿ ಗೆದ್ದರು, 1977ರಲ್ಲಿ. ಅವರ ಬೆನ್ನಿಗೆ ಪ್ಯಾಕರ್ ದುಡ್ಡಿನ ಚೀಲ ಇತ್ತು. ಈ ಫ್ಲಡ್ ಬೆನ್ನಿಗೆ ಯಾವ ಸಾಹುಕಾರನೂ ಇರಲಿಲ್ಲ, ಅದೇ ದೊಡ್ಡ ವ್ಯತ್ಯಾಸ.

ತುಂಗಾತೀರ

ಸರ್, ಕೇಸು ಅರ್ಥ ಆಯಿತು. ನೀವು ತಲೆಬರಹದಲ್ಲಿ ಆಮೇಲಿನ ಬದುಕು ಅಂತ ಬರೆದಿದ್ದೀರಿ. ಅದು ಇನ್ನೂ ಬಂದಿಲ್ಲ.

ಸೆಂಟರ್‌ಫೀಲ್ಡ್

ಬರೆಯೋಕೆ ಸ್ವಲ್ಪ ಸಂಕಟ ಆಗುತ್ತೆ, ಅದಕ್ಕೆ ಮುಂದೂಡುತ್ತಿದ್ದೆ.

1970ರ ಸೀಸನ್ ಪೂರ್ತಿ ಆಡಲಿಲ್ಲ. ಸಂಬಳವೂ ಇಲ್ಲ. ಸೇಂಟ್ ಲೂಯಿಸ್‌ನಲ್ಲಿ ಇದ್ದ ಫೋಟೋ ಸ್ಟುಡಿಯೋ ವ್ಯಾಪಾರ ಮುಳುಗಿತು. ಮೊದಲ ಮದುವೆ ಆಗಲೇ ಮುರಿದಿತ್ತು. 1971ಕ್ಕೆ ವಾಷಿಂಗ್ಟನ್ ಸೆನೇಟರ್ಸ್ ಕ್ಲಬ್ಬಿನವರು 1,10,000 ಡಾಲರ್‌ಗೆ ಕರೆದರು. ಕೇಸಿಗೆ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೋದ. ಮ್ಯಾನೇಜರ್ ಟೆಡ್ ವಿಲಿಯಮ್ಸ್. ಆದರೆ ಒಂದು ವರ್ಷ ಬಿಟ್ಟ ಕಾಲು, ಕುಡಿತ ಹತ್ತಿದ ಮೈ. 13 ಪಂದ್ಯ, 35 ಸಲ ಬ್ಯಾಟಿಂಗ್, ಬರೀ 7 ಹಿಟ್. ಏಳು ಗೋಲ್ಡ್ ಗ್ಲೋವ್ ಗೆದ್ದವನಿಗೆ ಚೆಂಡು ಸಿಗುತ್ತಿರಲಿಲ್ಲ. ಏಪ್ರಿಲ್ ಕೊನೆಗೆ ಮಾಲೀಕರಿಗೆ ಒಂದು ತಂತಿ ಕಳಿಸಿದ, ಪ್ರಯತ್ನಪಟ್ಟೆ, ಒಂದೂವರೆ ವರ್ಷ ತೀರಾ ಜಾಸ್ತಿಯಾಯಿತು ಅಂತ. ವಿಮಾನ ಹತ್ತಿ ಸ್ಪೇನ್‌ಗೆ ಹೋದ. ಆಗ ವಯಸ್ಸು 33.

ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಅವನು ಅಮೆರಿಕದಲ್ಲೇ ಇರಲಿಲ್ಲ. ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸುತ್ತಿದ್ದ. ಕುಡಿಯೋನು ಬಾರ್ ಇಟ್ಟರೆ ಏನಾಗಬೇಕೋ ಅದೇ ಆಯಿತು. 70ರ ದಶಕದ ನಡುವಿಗೆ ಕೈಯಲ್ಲಿ ಏನೂ ಇಲ್ಲದೆ ಓಕ್ಲೆಂಡ್‌ಗೆ ವಾಪಸ್ ಬಂದ.

1978ರಲ್ಲಿ ಓಕ್ಲೆಂಡ್ ಎ'ಸ್ ಟೀಮಿನ ಪಂದ್ಯಗಳಿಗೆ ರೇಡಿಯೋ ಕಾಮೆಂಟ್ರಿ ಮಾಡಿದ. ಅದು ಹೆಚ್ಚು ದಿನ ನಡೆಯಲಿಲ್ಲ. ಓಕ್ಲೆಂಡ್‌ನಲ್ಲಿ ಹುಡುಗರ ಬೇಸ್‌ಬಾಲ್ ನೋಡಿಕೊಳ್ಳುವ ಕೆಲಸ ಮಾಡಿದ. ಮಿಲ್ಲರ್ ಎಚ್ಚರಿಸಿದ ಹಾಗೇ ಮೇಜರ್ ಲೀಗ್‌ನ ಯಾವ ಕ್ಲಬ್ಬೂ ಕೋಚ್ ಆಗಿ ಬಾ ಅಂತ ಕರೆಯಲಿಲ್ಲ. ಸೆಂಟರ್ ಫೀಲ್ಡ್ ಹೇಗೆ ಆಡಬೇಕು ಅಂತ ಹೇಳಿಕೊಡೋಕೆ ಅವನಿಗಿಂತ ಒಳ್ಳೆಯವರು ಎಷ್ಟು ಜನ ಇದ್ದರು?

ಬೆಳಕು ಕಂಡದ್ದು 80ರ ದಶಕದಲ್ಲಿ. ಕುಡಿತ ಬಿಟ್ಟ. 1986ರಲ್ಲಿ ನಟಿ ಜೂಡಿ ಪೇಸ್ ಅವರನ್ನು ಮದುವೆಯಾದ. ಇಬ್ಬರದೂ ಹಳೆ ಪರಿಚಯ. ಲಾಸ್ ಏಂಜಲೀಸ್‌ನಲ್ಲಿ ಸಂಸಾರ. 1989ರಲ್ಲಿ ಫ್ಲೋರಿಡಾದಲ್ಲಿ 35 ದಾಟಿದ ಮಾಜಿ ಆಟಗಾರರ ಲೀಗ್ ಒಂದು ಶುರುವಾಯಿತು. ಅದಕ್ಕೆ ಇವನೇ ಕಮಿಷನರ್! ಕೂನ್ ಕೂತಿದ್ದಂಥದ್ದೇ ಕುರ್ಚಿ, ಚಿಕ್ಕದು ಅಷ್ಟೆ. ಲೀಗ್ ಎರಡನೇ ಸೀಸನ್ ಪೂರ್ತಿ ಮಾಡದೆ ಮುಚ್ಚಿತು, ಅದು ಬೇರೆ ವಿಷಯ.

1994ರಲ್ಲಿ ಆಟಗಾರರು ಮುಷ್ಕರ ಹೂಡಿ ವರ್ಲ್ಡ್ ಸೀರೀಸೇ ರದ್ದಾಯಿತಲ್ಲ, ಆಗ ಅವರ ಸಭೆಗೆ ಇವನನ್ನು ಕರೆದಿದ್ದರು. ಕೋಟಿ ಕೋಟಿ ಸಂಬಳದ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಗಂಟಲು ಕ್ಯಾನ್ಸರ್. ಕೊನೆ ಕೊನೆಗೆ ಮಾತೇ ಹೊರಡುತ್ತಿರಲಿಲ್ಲ. ತೀರಿಕೊಂಡದ್ದು 1997ರ ಜನವರಿ 20ಕ್ಕೆ, 59 ತುಂಬಿ ಎರಡೇ ದಿನಕ್ಕೆ. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ದಿನಾಚರಣೆ ಬಿದ್ದದ್ದೂ ಅವತ್ತೇ.

ಬಾಂಡ್‌ಪೇಪರ್

ಕೇಸ್ ಸೋತ, ಬಾರ್ ಮುಚ್ಚಿತು, ಕೋಚ್ ಕೆಲಸ ಸಿಗಲಿಲ್ಲ. ಹಾಗಾದರೆ 1994ರ ಹುಡುಗರು ಎದ್ದು ನಿಂತದ್ದು ಯಾತಕ್ಕೆ? ಸೋತ ಕೇಸಿನಿಂದ ಅವರಿಗೆ ಏನು ಸಿಕ್ಕಿತು?

ಕಪ್ಪುಕೋಟು

ಬೀಗ ತೆಗೆದದ್ದು ಬೇರೆಯವರು. 1975ರಲ್ಲಿ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮ್ಯಾಕ್‌ನಾಲಿ ಅನ್ನೋ ಇಬ್ಬರು ಪಿಚರ್‌ಗಳು (ಚೆಂಡು ಎಸೆಯೋರು) ಕರಾರಿಗೆ ಸಹಿ ಹಾಕದೆ ಉಳಿದರು. ಒಂದು ವರ್ಷ ಮುಗಿಯಿತು, ಇನ್ನು ನಾವು ಸ್ವತಂತ್ರರು ಅಂದರು. ಈ ಸಲ ಕೋರ್ಟಿಗೆ ಹೋಗಲಿಲ್ಲ, ಮಧ್ಯಸ್ಥಗಾರರ ಮುಂದೆ ಹೋದರು. ಪೀಟರ್ ಸೈಟ್ಜ್ ಡಿಸೆಂಬರ್ 23ಕ್ಕೆ ಆಟಗಾರರ ಪರ ತೀರ್ಪು ಕೊಟ್ಟರು. ಒಂದು ವರ್ಷ ಅಂದರೆ ಒಂದೇ ವರ್ಷ. ಮಾಲೀಕರು ತಕ್ಷಣ ಸೈಟ್ಜ್ ಅವರನ್ನು ಕೆಲಸದಿಂದ ತೆಗೆದರು, ಆದರೆ ತೀರ್ಪು ನಿಂತಿತು.

ಆ ಮಧ್ಯಸ್ಥಿಕೆ ವ್ಯವಸ್ಥೆ ಬಂದದ್ದು ಯಾವಾಗ? ಆಟಗಾರರ ಸಂಘಕ್ಕೂ ಮಾಲೀಕರಿಗೂ ಆದ 1970ರ ಒಪ್ಪಂದದಲ್ಲಿ, ಫ್ಲಡ್ ಕೇಸು ನಡೆಯುತ್ತಿದ್ದಾಗ. ಕೇಸಿನ ಬಿಸಿ ತಗಲಿದ್ದರಿಂದ ಮಾಲೀಕರು ಮೆತ್ತಗಾಗಿದ್ದರು ಅಂತ ನಾನು ಓದಿಕೊಂಡಿದ್ದೇನೆ.

ಇನ್ನೊಂದು ಇದಕ್ಕಿಂತ ಚೆಂದ. 1973ರ ಒಪ್ಪಂದದಲ್ಲಿ "10/5" ಅಂತ ನಿಯಮ ಬಂತು. ಮೇಜರ್ ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೆಯ 5 ವರ್ಷ ಒಂದೇ ಕ್ಲಬ್ಬಿನಲ್ಲಿ ಆಡಿದವನನ್ನು ಅವನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡೋ ಹಾಗಿಲ್ಲ. ಫ್ಲಡ್‌ಗೆ ಕಾರ್ಡಿನಲ್ಸ್‌ನಲ್ಲೇ 12 ವರ್ಷ ಆಗಿತ್ತು. ಆ ನಿಯಮ ನಾಲ್ಕು ವರ್ಷ ಮೊದಲು ಇದ್ದಿದ್ದರೆ ಬೇಡ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

1998ರಲ್ಲಿ ಅಧ್ಯಕ್ಷ ಕ್ಲಿಂಟನ್ "ಕರ್ಟ್ ಫ್ಲಡ್ ಕಾಯ್ದೆ"ಗೆ ಸಹಿ ಹಾಕಿದರು. ಮೇಜರ್ ಲೀಗ್ ಆಟಗಾರರ ಉದ್ಯೋಗದ ವಿಷಯದಲ್ಲಿ ಆ ಹಳೆ ವಿನಾಯಿತಿ ತೆಗೆದರು. ಮೈನರ್ ಲೀಗ್‌ಗೆ ಅದು ಅನ್ವಯಿಸಲಿಲ್ಲ. ಮೊಳೆ ಕೋಲು ಕಂಡ ಲೀಗ್‌ಗೆ ಅವನ ಹೆಸರಿನ ಕಾಯ್ದೆ ತಲುಪಲಿಲ್ಲ ನೋಡಿ.

ಗೋಲ್‌ಕೀಪರ್_ಬೆಳಗಾವಿ

ಫುಟ್‌ಬಾಲ್ ಕಡೆಯಿಂದ ಒಂದು ಸೇರಿಸ್ತೀನ್ರಿ. ಬೆಲ್ಜಿಯಂನ ಜಾನ್ ಮಾರ್ಕ್ ಬಾಸ್ಮನ್. ಕರಾರು ಮುಗಿದ ಮೇಲೂ ಅವನ ಕ್ಲಬ್ಬು ಫ್ರಾನ್ಸಿನ ಕ್ಲಬ್ಬಿಗೆ ಹೋಗಲು ಬಿಡಲಿಲ್ಲ. ಅವನೂ ಕೋರ್ಟಿಗೆ ಹೋದ. 1995ರ ಡಿಸೆಂಬರ್‌ನಲ್ಲಿ ಯುರೋಪಿನ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಇವತ್ತು ಕರಾರು ಮುಗಿದ ಆಟಗಾರ ಪುಕ್ಕಟೆ ಹೋಗ್ತಾನಲ್ರಿ, ಅದೆಲ್ಲ ಅವನ ಪುಣ್ಯ. ಅವನ ಆಟ ಅಲ್ಲಿಗೇ ಮುಗೀತು. ದುಡ್ಡೂ ಉಳಿಯಲಿಲ್ಲ, ಅವನಿಗೂ ಕುಡಿತದ ಕಾಟ. ಗೆದ್ದವನ ಕಥೆಯೂ ಇದೇ ಆಯ್ತು ನೋಡ್ರಿ.

ಹಾಸನ_ಎಕ್ಸ್‌ಪ್ರೆಸ್

ಸರಿ, ಗುಲಾಮ ಅನ್ನೋ ಮಾತು ನನಗೆ ಈಗಲೂ ಜಾಸ್ತಿ ಅನಿಸುತ್ತೆ. ಆದರೆ ಹೆದರದೆ ನಿಂತ, ಅದಕ್ಕೆ ಬೆಲೆ ಕೊಡುತ್ತೇನೆ. ಇಷ್ಟೆಲ್ಲ ಮಾಡಿದವನನ್ನು ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಗೆ, ಸೇರಿಸಿದ್ದಾರಾ?

ಸೆಂಟರ್‌ಫೀಲ್ಡ್

ಇಲ್ಲ.

ಪತ್ರಕರ್ತರ ವೋಟಿನಲ್ಲಿ ಶೇ. 75 ಬೇಕು, ಇವನಿಗೆ ಒಮ್ಮೆಯೂ ಶೇ. 20 ಕೂಡ ಬರಲಿಲ್ಲ. ಕಮಿಷನರ್ ಕೂನ್ ಅವರನ್ನು 2008ರಲ್ಲಿ ಸೇರಿಸಿದರು. ಮಾರ್ವಿನ್ ಮಿಲ್ಲರ್‌ಗೆ ಎಷ್ಟೋ ಸಲ ಬಾಗಿಲು ಮುಚ್ಚಿ, ಸತ್ತು ಏಳು ವರ್ಷ ಆದ ಮೇಲೆ 2019ರಲ್ಲಿ ಆಯ್ಕೆ ಮಾಡಿದರು. ಫ್ಲಡ್ ಇನ್ನೂ ಹೊರಗೆ. 2020ರಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಸಂಸದರು ಅವನನ್ನು ಸೇರಿಸಿ ಅಂತ ಪತ್ರ ಬರೆದರು, ಅದರಲ್ಲಿ ಎರಡೂ ಪಕ್ಷದವರಿದ್ದರು. ಕೆಲಸಕ್ಕೆ ಬರಲಿಲ್ಲ.

ರೇಡಿಯೋ_ಮಾವ

ಅಂಕಿ ಅಂಶ ನೋಡಿದರೆ ಅಂಚಿನಲ್ಲಿ ನಿಲ್ಲುವ ಆಟಗಾರ ಅನ್ನಿ. .293 ಸರಾಸರಿ ಒಳ್ಳೆಯದೇ, ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಕಡಿಮೆ. ನಡುವೆ ಬಿಟ್ಟದ್ದರಿಂದ 2000 ಹಿಟ್ ಕೂಡ ಮುಟ್ಟಲಿಲ್ಲ. ಆಡಿದ್ದರೆ ಮುಟ್ಟುತ್ತಿದ್ದ.

ಸೆಂಟರ್‌ಫೀಲ್ಡ್

ಅದೇ ನನ್ನ ತಕರಾರು ಮಾವ. ಕೇಸಿಗಾಗಿ ಆಟ ಬಿಟ್ಟ, ಆಟ ಬಿಟ್ಟದ್ದಕ್ಕೆ ಅಂಕಿ ಕಡಿಮೆ ಬಿತ್ತು, ಅಂಕಿ ಕಡಿಮೆ ಅಂತ ಈಗ ಹೊರಗಿಟ್ಟಿದ್ದಾರೆ. ಬರೀ ಅಂಕಿ ನೋಡೋದಾದರೆ ಕೂನ್ ಎಷ್ಟು ಹಿಟ್ ಹೊಡೆದಿದ್ದರು?

ನೆನಪಿಟ್ಟುಕೊಂಡ ಆಟಗಾರರೂ ಇದ್ದಾರೆ. 2019ರ ಡಿಸೆಂಬರ್‌ನಲ್ಲಿ ಪಿಚರ್ ಗೆರಿಟ್ ಕೋಲ್ ನ್ಯೂಯಾರ್ಕ್ ಯಾಂಕೀಸ್ ಜೊತೆ 32.4 ಕೋಟಿ ಡಾಲರ್ ಕರಾರಿಗೆ ಸಹಿ ಹಾಕಿದ. ಪತ್ರಿಕಾಗೋಷ್ಠಿಯಲ್ಲಿ ಮಿಲ್ಲರ್ ಮತ್ತು ಫ್ಲಡ್ ಇಬ್ಬರ ಹೆಸರನ್ನೂ ಹೇಳಿದ. ಈಗ ಹುವಾನ್ ಸೋಟೊ ಕರಾರು 76.5 ಕೋಟಿ ಡಾಲರ್, 15 ವರ್ಷಕ್ಕೆ. ಹಲವು ಕ್ಲಬ್ಬುಗಳು ಅವನ ಮುಂದೆ ಆಫರ್ ಇಟ್ಟವು. ಬೇರೆ ಕ್ಲಬ್ಬುಗಳ ಆಫರ್ ನೋಡುವ ಹಕ್ಕು ಅಂತ ಫ್ಲಡ್ ಪತ್ರದಲ್ಲಿ ಕೇಳಿದ್ದು ಇಷ್ಟೇ.

ತುಂಗಾತೀರ

ಇನ್ನು ಸೇರಿಸೋ ಅವಕಾಶವೇ ಇಲ್ವಾ ಸರ್?

ಸೆಂಟರ್‌ಫೀಲ್ಡ್

ಇದೆ ಮೇಡಂ. ಹಳಬರಿಗೆ ಅಂತ ಒಂದು ಸಮಿತಿ ಇದೆ, ಮೂರು ವರ್ಷಕ್ಕೊಮ್ಮೆ ಕೂರುತ್ತೆ. 2024ರ ಡಿಸೆಂಬರ್‌ನಲ್ಲಿ ಎಂಟು ಹೆಸರು ಚರ್ಚೆಗೆ ಬಂದವು, ಫ್ಲಡ್ ಹೆಸರು ಆ ಎಂಟರಲ್ಲಿ ಇರಲಿಲ್ಲ. ಆಯ್ಕೆಯಾದವರಲ್ಲಿ ಒಬ್ಬರು ಯಾರು ಗೊತ್ತಾ? ಡಿಕ್ ಅಲೆನ್. 1969ರ ಟ್ರೇಡ್‌ನಲ್ಲಿ ಫಿಲಡೆಲ್ಫಿಯಾದಿಂದ ಈ ಕಡೆ ಬಂದವರು. ಅವರೂ ಈಗಿಲ್ಲ, 2020ರಲ್ಲಿ ತೀರಿಕೊಂಡರು. ಮುಂದಿನ ಸರದಿ 2027ರ ಡಿಸೆಂಬರ್.

ಹಾಸನ_ಎಕ್ಸ್‌ಪ್ರೆಸ್

ಆಗ ಈ ಚರ್ಚೆಯನ್ನು ಮೇಲಕ್ಕೆ ತನ್ನಿ ಸರ್. ನಾನು ಆವತ್ತೂ ಆ ಒಂದು ಮಾತಿನ ಬಗ್ಗೆ ಜಗಳ ಆಡ್ತೀನಿ, ಆದರೆ ವೋಟು ಕೇಳಿದರೆ ಅವನಿಗೇ ಹಾಕ್ತೀನಿ.